ಸಹಾಯ ಬೇಕು: ರೇಂಜ್‌ಫೈಂಡರ್ ಲೆನ್ಸ್‌ನ ಕ್ಯಾಮ್ ಯಾವ ದೂರಕ್ಕೆ ಹೊಂದಿಸಲಿ?

ಎಲ್ಲರಿಗೂ ನಮಸ್ಕಾರ. ನನ್ನ ಡಿಜಿಟಲ್ ಲೈಕಾ ಎಂ ರೇಂಜ್‌ಫೈಂಡರ್ ಕ್ಯಾಮೆರಾಗೆ (ವ್ಯೂಫೈಂಡರ್‌ನಲ್ಲಿ ಕಾಣುವ ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ ಕ್ಯಾಮೆರಾ) ಕಡಿಮೆ ಬೆಲೆಯ 50 ಎಂಎಂ ಎಫ್ 1.1 ಮ್ಯಾನುಯಲ್ ಲೆನ್ಸ್ ಬಳಸುತ್ತಿದ್ದೇನೆ. ಮುಖದ ಚಿತ್ರಗಳಿಗೆ ಅದು ಕೊಡುವ ಮೃದುತನ ನನಗೆ ತುಂಬಾ ಇಷ್ಟ.

ತೊಂದರೆ ಹತ್ತಿರದ ದೂರದಲ್ಲಿ. ಒಂದು ಮೀಟರ್‌ನಲ್ಲಿ ಎರಡು ಬಿಂಬಗಳನ್ನು ಕಣ್ಣಿನ ಮೇಲೆ ಸರಿಯಾಗಿ ಕೂಡಿಸಿದರೂ ಚಿತ್ರದಲ್ಲಿ ಕಿವಿ ಸ್ಪಷ್ಟ, ಕಣ್ಣು ಮಸುಕು. ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಪರದೆ ನೋಡಿ) ಫೋಕಸ್ ಮಾಡಿದರೆ ಕಣ್ಣು ಚೆನ್ನಾಗಿ ಬರುತ್ತದೆ. ಅಂದರೆ ಗಾಜಿನ ದೋಷ ಅಲ್ಲ. ಇನ್ನೊಂದು 50 ಎಂಎಂ ಲೆನ್ಸ್ ಇದೇ ಬಾಡಿಯಲ್ಲಿ ಎಲ್ಲ ದೂರಕ್ಕೂ ಸರಿಯಿದೆ. ಹಾಗಾಗಿ ಬಾಡಿಯೊಳಗಿನ ರೋಲರ್ (ಲೆನ್ಸ್ ಹಿಂಭಾಗಕ್ಕೆ ತಾಗಿ ಫೋಕಸ್ ದೂರವನ್ನು ರೇಂಜ್‌ಫೈಂಡರ್‌ಗೆ ಮುಟ್ಟಿಸುವ ಚಕ್ರ) ಮುಟ್ಟುವುದು ಬೇಡ ಅಂತ ನನ್ನ ಅಭಿಪ್ರಾಯ. ಅದನ್ನು ತಿರುಗಿಸಿದರೆ ಉಳಿದ ಲೆನ್ಸ್‌ಗಳ ಫೋಕಸ್ ಕೂಡ ಕೆಡುತ್ತದೆ, ಅಲ್ವಾ?

ಈ ಲೆನ್ಸ್‌ನ ಹಿಂಭಾಗದಲ್ಲಿ ಸಣ್ಣ ಸ್ಕ್ರೂಗಳಿವೆ. ಅವನ್ನು ಸಡಿಲಿಸಿ ಕ್ಯಾಮ್ (ಆ ರೋಲರ್ ಒತ್ತುವ ಲೋಹದ ಭಾಗ) ಸರಿಸಬಹುದು. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಓರೆಯಾಗಿ ನಿಲ್ಲಿಸಿದ ಸ್ಕೇಲ್ ನೋಡಿ ಒಂದು ಮೀಟರ್‌ಗೆ ಹೊಂದಿಸಿದೆ. ಈಗ ಹತ್ತಿರ ಸರಿಯಾಯಿತು, ಆದರೆ ಇನ್ಫಿನಿಟಿಯಲ್ಲಿ (ತುಂಬಾ ದೂರದ ವಸ್ತುಗಳಿಗೆ) ಬಿಂಬಗಳು ಕೂಡುತ್ತಿಲ್ಲ.

ಅನುಭವ ಇರುವವರು ಹೇಳಿ. ಎರಡೂ ತುದಿ ಒಟ್ಟಿಗೆ ಸರಿಬರುವ ಹಾಗೆ ಕ್ಯಾಮ್ ಹೊಂದಿಸಲು ಆಗುತ್ತಾ, ಇಲ್ಲಾ ಜಾಸ್ತಿ ಬಳಸುವ ದೂರಕ್ಕೆ ಹೊಂದಿಸಿ ಬಿಡಬೇಕಾ? ಇನ್ನೊಂದು ಮುಖ್ಯ ಪ್ರಶ್ನೆ. ಇಂಥ ಲೆನ್ಸ್‌ಗಳಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಕಿರಿದು ಮಾಡಿದಾಗ ಫೋಕಸ್ ಸ್ವಲ್ಪ ಹಿಂದೆ ಜರುಗುತ್ತದೆ. ಹಾಗಾದರೆ ಪೂರ್ತಿ ತೆರೆದ ಎಫ್ 1.1ರಲ್ಲೇ ಹೊಂದಿಸಬೇಕಾ, ಕಿರಿದಾದ ಎಫ್ 2ರಲ್ಲಾ? ನಾನು ತೆಗೆಯುವುದು ಬಹುತೇಕ ಎಫ್ 1.1ರಲ್ಲಿ, ಒಂದರಿಂದ ಎರಡು ಮೀಟರ್ ದೂರದಲ್ಲಿ.

ಸ್ಕ್ರೂ ಬಿಗಿಮಾಡುವಾಗ ಕ್ಯಾಮ್ ಕೂದಲೆಳೆಯಷ್ಟು ಜರುಗಿಬಿಡುತ್ತದೆ. ಅದನ್ನು ತಡೆಯುವ ಉಪಾಯ ಗೊತ್ತಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.