ಪೋಪ್ ಕರೆತಂದ 12 ಜನ: ಮನೆ ಗುಂಪಿನಲ್ಲಿ ಜಗಳ

ದೊಡ್ಡಪ್ಪ (ಫಾರ್ವರ್ಡ್): ಪೋಪ್ ಫ್ರಾನ್ಸಿಸ್ ತಮ್ಮ ವಿಮಾನದಲ್ಲೇ 12 ಸಿರಿಯಾ ನಿರಾಶ್ರಿತರನ್ನು ಕರೆತಂದರು. ಎಲ್ಲರೂ ಮುಸ್ಲಿಮರು! ಕ್ರೈಸ್ತರು ಕಣ್ಣಿಗೇ ಬೀಳಲಿಲ್ಲವೇ? ಎಲ್ಲರಿಗೂ ಕಳಿಸಿ.

ಚಿಕ್ಕಮ್ಮ: ಇದು ಹಳೇದು ಅಲ್ವಾ? ಪೋಪ್ ತೀರಿಕೊಂಡೂ ಆಯ್ತು.

ದೊಡ್ಡಪ್ಪ: ಪ್ರಶ್ನೆ ಹಳೇದಾಗಿಲ್ಲ.

ನಾನು: ಸುದ್ದಿ ನಿಜ, ದೊಡ್ಡಪ್ಪ. 2016ರ ಏಪ್ರಿಲ್ 16, ಗ್ರೀಸಿನ ಲೆಸ್ಬೋಸ್ ದ್ವೀಪ. ಮೂರು ಕುಟುಂಬ, ಅದರಲ್ಲಿ ಆರು ಮಕ್ಕಳು. ಬಾಂಬಿಗೆ ಮನೆ ಕಳಕೊಂಡವರು. ಮೊದಲ ಪಟ್ಟಿಯಲ್ಲಿ ಕ್ರೈಸ್ತರೂ ಇದ್ದರು, ಅವರ ಕಾಗದಪತ್ರ ಸರಿಯಿರಲಿಲ್ಲ ಅಂತ ಪೋಪರೇ ಹೇಳಿದ್ದರು. ಫಾರ್ವರ್ಡ್ ಮಾಡಿದವರು ಅದನ್ನು ಬಿಟ್ಟಿದ್ದಾರೆ.

ಅಣ್ಣ: ನಾವು ಸಿ.ಎಸ್.ಐ.ನವರು, ಪ್ರೊಟೆಸ್ಟೆಂಟರು. ಪೋಪ್ ಮಾಡಿದ್ದು ನಮಗ್ಯಾಕೆ? ಬೈಬಲಿನ ಗಲಾತ್ಯ 6:10 ಓದು. ಮುಖ್ಯವಾಗಿ ನಂಬಿಕೆಯವರಿಗೆ ಒಳ್ಳೇದು ಮಾಡಿ ಅಂತಲೇ ಇದೆ.

ನಾನು: ಅರ್ಧ ಹೇಳಿದೆ. ಅದಕ್ಕೂ ಮೊದಲು ‘ಎಲ್ಲರಿಗೂ’ ಅಂತಿದೆ. ಮತ್ತಾಯ 25ರಲ್ಲಿ ಯೇಸು ತಾನೇ ಪರದೇಶಿಯಾಗಿದ್ದೆ ಅಂತಾನೆ.

ಅಣ್ಣ: ಅಲ್ಲೇ ‘ನನ್ನ ಸಹೋದರರು’ ಅಂತಲೂ ಇದೆ. ಅಂದ್ರೆ ನಂಬಿಕೆಯವರು.

ನಾನು: ಸರಿ, ಯಾಜಕಕಾಂಡ 19:34 ನೋಡು. ಪರದೇಶದವನನ್ನು ನಿನ್ನ ಹಾಗೇ ಪ್ರೀತಿಸು. ಯಾಕೆ? ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ. ಅವನ ಮತ ಯಾವುದು ಅಂತ ಅಲ್ಲಿ ಕೇಳಿಲ್ಲ. ನಿಮ್ಮ ಕಷ್ಟ ಮರೀಬೇಡಿ ಅಂತಷ್ಟೇ ಇದೆ.

ನಮಗೂ ಅಂಥ ನೆನಪಿದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟಾಗ ನವನಗರದ ಮನೆಗೆ ಇನ್ನೂ ಚಾವಣಿ ಬಿದ್ದಿರಲಿಲ್ಲ. ಅಜ್ಜಿ ಬಾಗಿಲ ಚೌಕಟ್ಟು ಕೀಳಿಸಿ ಟ್ರ್ಯಾಕ್ಟರಿಗೆ ಹೇರಿಸಿದರು. ಆ ಚೌಕಟ್ಟು, ಟ್ರಂಕು, ಹೊಲಿಗೆ ಮಷೀನು, ಎಲ್ಲಾ ಮಳೆಗಾಲ ಪೂರ್ತಿ ಒಬ್ಬ ನೇಕಾರರ ಮನೆಯಲ್ಲಿದ್ದವು. ಒಂದು ಮಗ್ಗ ಬಿಚ್ಚಿಟ್ಟು ಜಾಗ ಮಾಡಿಕೊಟ್ಟಿದ್ದರು. ಅಷ್ಟು ದಿನ ಆ ಮಗ್ಗದ ಸೀರೆ ಇಲ್ಲ, ದುಡ್ಡೂ ಇಲ್ಲ. ಅವರೇನು ನಮ್ಮ ಚರ್ಚಿನವರಾ?

ದೊಡ್ಡಪ್ಪ: ಅದನ್ನೂ ಇದನ್ನೂ ಹೋಲಿಸಬೇಡ. ಮುಳುಗಡೆಯವರಿಗೆ ಪರಿಹಾರ ಬಂತು, ಸೈಟು ಬಂತು. ದೇಶ ಬಿಡಲಿಲ್ಲ.

ನಾನು: ಒಪ್ತೀನಿ. ಅವರ ಕಷ್ಟ ನಮ್ಮದಕ್ಕಿಂತ ಜಾಸ್ತಿ, ಅದಕ್ಕೇ ಹೇಳ್ತಿರೋದು. ಗಡಿಯಲ್ಲಿ ತಪಾಸಣೆ ಬೇಡ ಅಂತ ನಾನು ಅಂದಿಲ್ಲ. ಪೋಪರೂ ಕಾಗದ ನೋಡಿಯೇ ಕರೆತಂದರು. ಆದರೆ ಮನೆ ಸುಟ್ಟುಕೊಂಡು ಬಂದ ಮಗುವಿನ ಮುಂದೆ ನಿಂತು ಮೊದಲು ಅದರ ಜಾತಿ ಕೇಳೋದು ನನ್ನ ಕೈಲಿ ಆಗಲ್ಲ. ಭಾನುವಾರ ಚರ್ಚಿನಲ್ಲಿ ಕೂತು ಅದನ್ನು ಸರಿ ಅನ್ನೋದಂತೂ ಆಗಲ್ಲ.

(ಅರ್ಧ ಗಂಟೆ ಯಾರೂ ಬರೆಯಲಿಲ್ಲ.)

ಚಿಕ್ಕಮ್ಮ: ಆ ಮಗ್ಗದ ಮನೆಯವರಿಗೆ ಬಾಡಿಗೆ ಏನಾದ್ರೂ ಕೊಟ್ಟಿದ್ವಾ?

ದೊಡ್ಡಪ್ಪ: ಅಪ್ಪ ಕೊಡೋಕೆ ಹೋಗಿದ್ದರು. ನಾನೂ ಜೊತೆಗಿದ್ದೆ. ಅವರು ತಗೊಳ್ಳಲಿಲ್ಲ.