ಮಗುವಿನ ಟೋಪಿ, ಅಪ್ಪನ ಮಫ್ಲರ್: ಹೊಲಿಗೆ ಲೆಕ್ಕ ಹೇಗೆ?

ಚಿಕ್ಕಮಗಳೂರಿನಲ್ಲಿರುವ ಅಪ್ಪನಿಗೆ ಮಫ್ಲರ್, ಅಕ್ಕನ ಆರು ತಿಂಗಳ ಮಗುವಿಗೆ ಟೋಪಿ ಹೆಣೆದು ಡಿಸೆಂಬರ್ ಒಳಗೆ ಕೊಡಬೇಕು. ನಿಟ್, ಪರ್ಲ್ (ಹೆಣಿಗೆಯ ಎರಡು ಮೂಲ ಹೊಲಿಗೆಗಳು) ಎರಡೂ ಬರುತ್ತೆ. ಮಫ್ಲರ್ 40 ಹೊಲಿಗೆಯಿಂದ ಶುರುವಾಗಿದ್ದು ಈಗ 46 ಆಗಿದೆ. ಯಾಕೆ? ಟೋಪಿಗೆ ಎಷ್ಟು ಹೊಲಿಗೆ ಹಾಕಬೇಕು? ತಿಳಿದವರು ಹೇಳಿ.

*

ತೊಂದರೆ ಸಾಲಿನ ಮೊದಲ ಹೊಲಿಗೆಯಲ್ಲಿರುತ್ತೆ. ಕಡ್ಡಿ ತಿರುಗಿಸಿದ ಮೇಲೆ ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಆ ಹೊಲಿಗೆಯ ಎರಡೂ ಎಳೆ ಮೇಲೆದ್ದು ಎರಡು ಹೊಲಿಗೆಯ ಹಾಗೆ ಕಾಣುತ್ತೆ. ಎರಡನ್ನೂ ಹೆಣೆದರೆ ಒಂದು ಹೆಚ್ಚಾಯ್ತು. ದಾರ ಕಡ್ಡಿಯ ಕೆಳಗಿನಿಂದಲೇ ಹಿಂದೆ ಹೋಗಬೇಕು. ಅಂಚು ನೇರವಾಗಿದ್ದು ನಡುವೆ ತೂತು ಕಂಡರೆ ಮಾತ್ರ ಕಾರಣ ಬೇರೆ: ದಾರ ಮುಂದಿರುವಾಗಲೇ ನಿಟ್ ಬಿದ್ದಿದೆ.

ಹೆಚ್ಚಾದ ಆರನ್ನು ಈಗ ಕಡಿಮೆ ಮಾಡಿದರೂ ಅಂಚಿನ ಸೊಟ್ಟ ಹೋಗಲ್ಲ. 40 ಇದ್ದ ಸಾಲಿನವರೆಗೆ ಬಿಚ್ಚಿಬಿಡಿ. ಎರಡೂ ಕಡೆ ನಿಟ್ ಹಾಕಿ, ಆಗ ಅಂಚು ಸುರುಳಿಯಾಗಲ್ಲ. 7ನೇ ನಂಬರ್ ಕಡ್ಡಿ, 8 ಪ್ಲೈ ಉಲ್ಲನ್ ಆದರೆ ಸುಮಾರು 20 ಸೆಂ.ಮೀ. ಅಗಲ ಬರುತ್ತೆ. 150 ಸೆಂ.ಮೀ. ಉದ್ದಕ್ಕೆ 200 ಗ್ರಾಂ ಇಟ್ಟುಕೊಳ್ಳಿ. ಅಷ್ಟನ್ನೂ ಒಂದೇ ಲಾಟ್‌ನಲ್ಲಿ (ಒಂದೇ ಸಲ ಬಣ್ಣ ಹಾಕಿದ್ದು) ಕೊಳ್ಳಿ, ಇಲ್ಲದಿದ್ದರೆ ಬಣ್ಣ ಬದಲಾದ ಜಾಗ ಪಟ್ಟಿಯಂತೆ ಎದ್ದು ಕಾಣುತ್ತೆ.

*

ಟೋಪಿ ಲೆಕ್ಕ ಇಲ್ಲಿದೆ. ಆರು ತಿಂಗಳ ಮಗುವಿನ ತಲೆ ಸುತ್ತಳತೆ ಸುಮಾರು 43 ಸೆಂ.ಮೀ. ಹೆಣಿಗೆ ಹಿಗ್ಗುವುದರಿಂದ ಟೋಪಿ 38 ಇದ್ದರೆ ಸರಿಯಾಗಿ ಕೂರುತ್ತೆ.

ಮೊದಲು 8ನೇ ನಂಬರ್ ಕಡ್ಡಿಯಲ್ಲಿ 30 ಹೊಲಿಗೆಯ ಸಣ್ಣ ತುಂಡು ಹೆಣೆದು ನಡುಭಾಗ ಅಳೆಯಿರಿ. 10 ಸೆಂ.ಮೀ.ಗೆ 22 ಹೊಲಿಗೆ ಬರಬೇಕು. 24 ಬಂದರೆ ಇದೇ ಲೆಕ್ಕದ ಟೋಪಿ 35 ಸೆಂ.ಮೀ.ಗೆ ಇಳಿದು ಬಿಗಿಯಾಗುತ್ತೆ, ಇನ್ನೂ ದಪ್ಪನೆಯ 7ನೇ ನಂಬರ್‌ಗೆ ಹೋಗಿ. 20 ಬಂದರೆ ಕಣ್ಣಿನ ಮೇಲೆ ಜಾರುತ್ತೆ, ಸಣ್ಣನೆಯ 9ನೇ ನಂಬರ್ ತೆಗೆದುಕೊಳ್ಳಿ. ಈ ತುಂಡು ಬಿಟ್ಟರೆ ಟೋಪಿ ಅದೃಷ್ಟದ ಮೇಲೆ ನಿಂತಂತೆ!

86 ಹೊಲಿಗೆ ಹಾಕಿ (ಎರಡು ಹೆಚ್ಚುವರಿ ಜೋಡಣೆಗೆ). ಎರಡು ಕಡ್ಡಿ ಒಟ್ಟಿಗೆ ಹಿಡಿದು ಸಡಿಲವಾಗಿ ಹಾಕಿ. ಇಲ್ಲಿ ಬಿಗಿಯಾದರೆ ಉಳಿದದ್ದೆಲ್ಲ ಸರಿಯಿದ್ದರೂ ಟೋಪಿ ತಲೆಗೆ ಇಳಿಯಲ್ಲ. 10ನೇ ನಂಬರ್‌ನಲ್ಲಿ 2 ನಿಟ್ 2 ಪರ್ಲ್ ಪಟ್ಟಿ 4 ಸೆಂ.ಮೀ., ಆಮೇಲೆ 8ನೇ ನಂಬರ್‌ನಲ್ಲಿ ಒಂದು ಸಾಲು ನಿಟ್ ಒಂದು ಸಾಲು ಪರ್ಲ್, ಒಟ್ಟು ಎತ್ತರ 12 ಆಗುವವರೆಗೆ.

ಹೊಲಿಗೆ ಇಳಿಸುವಾಗ: 1 ನಿಟ್, (5 ನಿಟ್, ಎರಡನ್ನು ಸೇರಿಸಿ ಒಂದು) 12 ಸಲ, 1 ನಿಟ್. ಮುಂದಿನದು ಪರ್ಲ್ ಸಾಲು. ಹೀಗೆ 5 ನಿಟ್ ಬದಲು 4, 3, 2, 1 ಎಂದು ಇಳಿಯುತ್ತಾ ಕೊನೆಗೆ ಬರೀ ಜೋಡಿಗಳು. 14 ಉಳಿದಾಗ ದಾರ ಕತ್ತರಿಸಿ, ಎಲ್ಲದರೊಳಗೆ ಪೋಣಿಸಿ ಬಿಗಿದು, ಅದೇ ದಾರದಲ್ಲಿ ಪಕ್ಕ ಹೊಲಿಯಿರಿ. 50 ಗ್ರಾಂ ಸಾಕು.

*

ಒಂದು ಎಚ್ಚರಿಕೆ. ಮೇಲಿನ ನಂಬರ್‌ಗಳೆಲ್ಲ ನಮ್ಮ ಕಡೆಯ ಅಂಗಡಿಗಳವು: ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ, 8 ಅಂದರೆ 4 ಮಿ.ಮೀ. ಅಮೆರಿಕದ ವಿಡಿಯೋದಲ್ಲಿ 8 ಅಂದರೆ 5 ಮಿ.ಮೀ. ಮಿ.ಮೀ. ನೋಡಿಯೇ ಕಡ್ಡಿ ಆರಿಸಿ.

*

ಮಗುವಿಗೆ ಮೃದುವಾದ ಅಕ್ರಿಲಿಕ್ ಒಳ್ಳೆಯದು, ತೊಳೆಯೋದು ಸುಲಭ. ಕೂದಲು ಉದುರುವ ಉಲ್ಲನ್ ಬೇಡ. ಕಟ್ಟುವ ಲಾಡಿ ದಯವಿಟ್ಟು ಇಡಬೇಡಿ, ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ. ಮಲಗಿಸುವಾಗ ಟೋಪಿ ತೆಗೆಯಲು ಅಕ್ಕನಿಗೂ ಹೇಳಿ. ಅಕ್ರಿಲಿಕ್‌ಗೆ ಇಸ್ತ್ರಿ ತಾಗಿಸಬೇಡಿ, ಚಪ್ಪಟೆಯಾದರೆ ಮತ್ತೆ ಉಬ್ಬಲ್ಲ. ಅಪ್ಪನದು ಅಸಲಿ ಉಣ್ಣೆಯಾದರೆ ತಣ್ಣೀರಲ್ಲಿ ಉಜ್ಜದೆ ಅದ್ದಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ತಂತಿಗೆ ಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತೆ. ಇಷ್ಟನ್ನೂ ಚೀಟಿಯಲ್ಲಿ ಬರೆದು ಉಡುಗೊರೆಯ ಜೊತೆಗೇ ಇಡಿ.