ಸಹಾಯ ಬೇಕು: ಎದೆಭಾಗದ ಅಯೋರ್ಟಾದಲ್ಲಿ ರಕ್ತ ಹೆಪ್ಪುಗಟ್ಟಿದೆ, ಕಾರಣ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನಿಗೆ ಇದ್ದಕ್ಕಿದ್ದಂತೆ ಎಡಗಾಲು ತಣ್ಣಗಾಗಿ ಬೆರಳುಗಳು ನೀಲಿಗಟ್ಟಿದವು, ಪಾದದಲ್ಲಿ ನಾಡಿಯೇ ಸಿಗಲಿಲ್ಲ. ಸಿಟಿ ಆಂಜಿಯೋ (ರಕ್ತನಾಳಗಳ ಸ್ಕ್ಯಾನ್) ಮಾಡಿದಾಗ ಎದೆಭಾಗದ ಅಯೋರ್ಟಾದ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಒಳಗೋಡೆಗೆ ಅಂಟಿಕೊಂಡು ತೂಗಾಡುತ್ತಿರುವ ಹೆಪ್ಪು ಕಾಣಿಸಿತು. ಅದರ ಚೂರೇ ಕಾಲಿಗೆ ಹೋಗಿ ಕೂತಿತ್ತಂತೆ. ಕಾಲಿನದನ್ನು ತೆಗೆದಿದ್ದಾರೆ, ಈಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ನಡೀತಿದೆ.

ತಲೆ ಕೆಡಿಸಿರೋದು ಕಾರಣ. ಅಯೋರ್ಟಾದಲ್ಲಿ ರಕ್ತ ರಭಸವಾಗಿ ಹರಿಯೋದರಿಂದ ಅಲ್ಲಿ ಹೆಪ್ಪುಗಟ್ಟೋದೇ ಕಡಿಮೆ. ಗೋಡೆಯಲ್ಲಿ ಕೊಬ್ಬು ಕಟ್ಟಿದ್ದರೆ, ಅನ್ಯೂರಿಸಂ (ರಕ್ತನಾಳ ಉಬ್ಬಿಕೊಳ್ಳೋದು) ಇದ್ದರೆ ಅಥವಾ ಒಳಪದರ ಸೀಳಿದ್ದರೆ ಆಗಬಹುದು. ಇವನ ಸ್ಕ್ಯಾನಿನಲ್ಲಿ ಅದ್ಯಾವುದೂ ಇಲ್ಲ. ಸಿಗರೇಟು ಮಾತ್ರ ಬಿಟ್ಟಿಲ್ಲ (ಹೇಳಿ ಹೇಳಿ ಸಾಕಾಗಿದೆ). ಇನ್ನು ಉಳಿದಿರೋದು ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ (ದೇಹದ ರೋಗನಿರೋಧಕ ವ್ಯವಸ್ಥೆಯ ತಪ್ಪಿನಿಂದ ರಕ್ತ ಬೇಗ ಹೆಪ್ಪುಗಟ್ಟುವ ಕಾಯಿಲೆ), ಹೆಪ್ಪುಗಟ್ಟೋದನ್ನು ತಡೆಯುವ ಪ್ರೋಟೀನ್ ಸಿ ಅಥವಾ ಎಸ್ ಕೊರತೆ, ಕೆಂಪು ರಕ್ತಕಣ ವಿಪರೀತ ಹೆಚ್ಚಾಗೋದು, ಎಲ್ಲೋ ಅಡಗಿರುವ ಕ್ಯಾನ್ಸರ್. ಕೊನೆಯದನ್ನು ಅಮ್ಮನಿಗೆ ಹೇಳಿಲ್ಲ.

ಹೆಪಾರಿನ್ ಕೊಡುವಾಗ ಲೂಪಸ್ ಆಂಟಿಕೋಯಾಗುಲಂಟ್ ಟೆಸ್ಟು (ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಪತ್ತೆಗೆ ಮಾಡೋದು), ವಾರ್ಫರಿನ್ (ಹೆಪ್ಪು ತಡೆಯುವ ಮಾತ್ರೆ) ಕೊಡುವಾಗ ಪ್ರೋಟೀನ್ ಸಿ, ಎಸ್ ಅಳತೆ ತಪ್ಪು ಫಲಿತಾಂಶ ಕೊಡಬಹುದು. ನಿಮ್ಮ ಕಡೆ ಯಾರಿಗಾದರೂ ಹೀಗಾಗಿದ್ದರೆ ಈ ಟೆಸ್ಟುಗಳನ್ನು ಯಾವಾಗ ಮಾಡಿಸಿದರು? ಬರೀ ಔಷಧಿಗೇ ಹೆಪ್ಪು ಕರಗಿತಾ, ಸ್ಟೆಂಟ್ ಗ್ರಾಫ್ಟ್ (ರಕ್ತನಾಳದೊಳಗೆ ಕೂರಿಸುವ ಬಟ್ಟೆ ಹೊದಿಸಿದ ಕೊಳವೆ) ಹಾಕಬೇಕಾಯಿತಾ? ಔಷಧಿಯನ್ನು ನಾವಾಗೇ ಬದಲಿಸಲ್ಲ, ಡಾಕ್ಟರ ಹತ್ತಿರ ಏನೇನು ಕೇಳಬೇಕು ಅಂತ ತಿಳಿದರೆ ಸಾಕು.